ಮುಂದಿನ ಪೀಳಿಗೆಯ ಪ್ರೊಸೆಸರಿಗಾಗಿ ಕಾಯುವುದು ಲಾಭವೋ ನಷ್ಟವೋ?
ಹಗುರ ಲ್ಯಾಪ್‌ಟಾಪ್ ಕೊಳ್ಳುವ ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನ ಕಡೆಗೆ ಸಾಗುವ ರೈಲು ಮಾರ್ಗದಲ್ಲಿ ಮಾಕಳಿದುರ್ಗ ಒಂದು ಪುಟ್ಟ ನಿಲ್ದಾಣ. ಬೆಟ್ಟದ ಮೇಲಿನ ಕೋಟೆಯನ್ನು ನೋಡಲು ಚಾರಣಿಗರೂ, ಸಮೀಪದ ಘಾಟಿ ಸುಬ್ರಹ್ಮಣ್ಯಕ್ಕೆ ಭಕ್ತರೂ ಈ ದಾರಿಯಲ್ಲಿ ಬರುತ್ತಾರೆ. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಈ ಸೀಮೆಯ ಬದುಕು ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳೊಂದಿಗೆ ಬೆಸೆದುಕೊಂಡಿದೆ. ಇಲ್ಲಿನ ಒಬ್ಬ ಸೀರೆ ತಯಾರಕರನ್ನು ಊಹಿಸಿಕೊಳ್ಳೋಣ. ಮಗ್ಗಗಳು ಮಾಕಳಿದುರ್ಗದ ಮಗ್ಗುಲ ಹಳ್ಳಿಯಲ್ಲಿವೆ. ಲೆಕ್ಕಪತ್ರ ಹಾಗೂ ದಾಸ್ತಾನು ದೊಡ್ಡಬಳ್ಳಾಪುರದಲ್ಲಿದೆ. ಮಾಲು ಕೊಳ್ಳುವ ಸಗಟು ವರ್ತಕರು ಬೆಂಗಳೂರಿನ ಚಿಕ್ಕಪೇಟೆಯಲ್ಲಿದ್ದಾರೆ. ಒಂದೇ ದಿನ ಮೂರೂ ಕಡೆ ಓಡಾಡಬೇಕಾದ ಇವರ ಬಳಿ ಆರು ವರ್ಷ ಹಳೆಯದಾದ, ಎರಡು ಕಿಲೋಗೂ ಮೀರಿದ ತೂಕದ ಲ್ಯಾಪ್‌ಟಾಪ್ ಇದೆ. ಕರೆಂಟು ಹೋದರೆ ಅದರ ಬ್ಯಾಟರಿ ಒಂದು ಗಂಟೆಯೂ ಬಾಳುವುದಿಲ್ಲ. ಒಂದೂಕಾಲು ಕಿಲೋ ತೂಗುವ ಹೊಸದೊಂದನ್ನು ಕೊಳ್ಳಲು ಹೊರಟಾಗ ಕಾಲೇಜು ಓದುವ ಮಗ ತಡೆಯುತ್ತಾನೆ: "ಅಪ್ಪಾ, ಇನ್ನೊಂದು ಆರು ತಿಂಗಳು ತಡೀರಿ, ಹೊಸ ಪ್ರೊಸೆಸರ್ ಬರ್ತಾ ಇದೆ."

ಮಗನ ಮಾತು ಸುಳ್ಳಲ್ಲ. ತೊಡಕಿರುವುದು ಆ ಮಾತು ಪ್ರತಿ ವರ್ಷವೂ ನಿಜವಾಗಿರುವುದರಲ್ಲಿ. ತೂಕ ಕಡಿಮೆಯಿರುವ ಲ್ಯಾಪ್‌ಟಾಪುಗಳಿಗೆಂದೇ ರೂಪಿಸಿದ ಚಿಪ್ಪುಗಳ ಇತ್ತೀಚಿನ ಸಾಲನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ. ಇಂಟೆಲ್‌ನ 'ಮೀಟಿಯರ್ ಲೇಕ್' 2023ರ ಡಿಸೆಂಬರ್‌ನಲ್ಲಿ ಬಂದಿತು. 2024ರ ಜೂನ್‌ನಲ್ಲಿ ಕ್ವಾಲ್‌ಕಾಮ್‌ನ 'ಸ್ನಾಪ್‌ಡ್ರಾಗನ್ ಎಕ್ಸ್', ಜುಲೈನಲ್ಲಿ ಎಎಂಡಿಯ 'ರೈಜೆನ್ ಎಐ 300', ಸೆಪ್ಟೆಂಬರ್‌ನಲ್ಲಿ ಇಂಟೆಲ್‌ನ 'ಲೂನಾರ್ ಲೇಕ್' ಬಂದವು. 2026ರ ಜನವರಿಯಲ್ಲಿ 'ಪ್ಯಾಂಥರ್ ಲೇಕ್' ಬಿಡುಗಡೆಯಾಯಿತು. ಎರಡು ವರ್ಷಗಳ ಆಸುಪಾಸಿನಲ್ಲಿ ಐದು! ಇವುಗಳಲ್ಲಿ ಯಾವುದಕ್ಕೆ ಕಾದಿದ್ದರೂ, ಅದು ಕೈಗೆ ಬರುವ ಹೊತ್ತಿಗೆ ಮುಂದಿನದರ ಸುದ್ದಿ ಹರಡಿರುತ್ತಿತ್ತು. ಇಂತಹ ಚಿಪ್ಪುಗಳ ವಿನ್ಯಾಸಕ್ಕೆ ಬೆಂಗಳೂರು ಹೊರತಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು. 2008ರಲ್ಲಿ ಬಿಡುಗಡೆಯಾದ ಇಂಟೆಲ್‌ನ ಆರು ತಿರುಳುಗಳ 'ಡನ್ನಿಂಗ್ಟನ್' ಸರ್ವರ್ ಪ್ರೊಸೆಸರ್ ರೂಪುಗೊಂಡದ್ದು ಅದರ ಬೆಂಗಳೂರು ಕೇಂದ್ರದಲ್ಲಿಯೇ.

ಘೋಷಣೆಗೂ ಅಂಗಡಿಗೂ ನಡುವಿನ ದೂರ

ಪ್ರೊಸೆಸರ್ ತಯಾರಿಸುವ ಸಂಸ್ಥೆ ಲ್ಯಾಪ್‌ಟಾಪ್ ಮಾರುವುದಿಲ್ಲ. ಅದು ಚಿಪ್ಪನ್ನು ಘೋಷಿಸುತ್ತದೆ. ಲ್ಯಾಪ್‌ಟಾಪ್ ಸಂಸ್ಥೆಗಳು ಅದನ್ನು ಅಳವಡಿಸಿ ಮಾದರಿಗಳನ್ನು ಸಿದ್ಧಪಡಿಸುತ್ತವೆ. ಆ ಮಾದರಿಗಳು ಭಾರತಕ್ಕೆ ಬಂದು ವಿತರಕರ ಮೂಲಕ ಅಂಗಡಿಯನ್ನು ತಲುಪಬೇಕು. ಪ್ಯಾಂಥರ್ ಲೇಕ್‌ನ ರಚನೆಯ ವಿವರ ಹೊರಬಿದ್ದದ್ದು 2025ರ ಅಕ್ಟೋಬರ್‌ನಲ್ಲಿ, ಬಿಡುಗಡೆಯಾದದ್ದು ಮುಂದಿನ ಜನವರಿಯಲ್ಲಿ. ಕ್ವಾಲ್‌ಕಾಮ್ 'ಸ್ನಾಪ್‌ಡ್ರಾಗನ್ ಎಕ್ಸ್2' ಚಿಪ್ಪನ್ನು 2025ರ ಸೆಪ್ಟೆಂಬರ್‌ನಲ್ಲಿ ಘೋಷಿಸಿದಾಗಲೇ ಅದನ್ನುಳ್ಳ ಯಂತ್ರಗಳು 2026ರ ಮೊದಲಾರ್ಧದಲ್ಲಿ ಬರಲಿವೆ ಎಂದು ತಿಳಿಸಿತ್ತು. ಆದುದರಿಂದ ಪತ್ರಿಕೆಯಲ್ಲಿ ಓದಿದ ಘೋಷಣೆಯನ್ನೇ ಅಂಗಡಿಗೆ ಬಂದ ಮಾಲೆಂದು ಭಾವಿಸತಕ್ಕದ್ದಲ್ಲ. ಸಾಮಾನ್ಯವಾಗಿ ಮೊದಲು ಬರುವುದು ದುಬಾರಿ ಮಾದರಿಗಳು. ಮಧ್ಯಮ ಬೆಲೆಯವು ಅವುಗಳ ಬೆನ್ನಿಗೆ, ತಮ್ಮದೇ ವೇಗದಲ್ಲಿ ಬರುತ್ತವೆ.

ಹೇಳಿದ ಕಾಲಕ್ಕೆ ಚಿಪ್ಪು ಬಾರದಿರುವುದೂ ಉಂಟು. ಇಂಟೆಲ್ ತನ್ನ 10 ನ್ಯಾನೋಮೀಟರ್ ತಂತ್ರಜ್ಞಾನದ ಪ್ರೊಸೆಸರುಗಳನ್ನು 2016ರ ವೇಳೆಗೆ ಕೊಡುವ ಯೋಜನೆ ಹಾಕಿಕೊಂಡಿತ್ತು. ಒಂದರ ಮೇಲೊಂದು ಅಡಚಣೆ ಬಂದು, 2018ರಲ್ಲಿ ಹೆಸರಿಗೆ ಮಾತ್ರವೆಂಬಂತೆ ಒಂದು ಚಿಪ್ಪು ಹೊರಬಂತು. ಲ್ಯಾಪ್‌ಟಾಪುಗಳಲ್ಲಿ ಅದು ವ್ಯಾಪಕವಾಗಿ ದೊರೆತದ್ದು 2019ರಲ್ಲಿ, 'ಐಸ್ ಲೇಕ್' ಎಂಬ ಹೆಸರಿನಿಂದ. 2016ರಲ್ಲಿ ಅದಕ್ಕಾಗಿ ಕಾಯಲಾರಂಭಿಸಿದವನು ಮೂರು ವರ್ಷ ಹಳೆಯ ಯಂತ್ರದಲ್ಲೇ ಲೆಕ್ಕ ಬರೆದಿರಬೇಕು.

ಕಾದದ್ದು ಫಲಿಸಿದ ಸಂದರ್ಭಗಳೂ ಇವೆ. 2020ರ ನವೆಂಬರ್‌ನಲ್ಲಿ ಆಪಲ್ ತನ್ನದೇ 'ಎಂ1' ಚಿಪ್ಪನ್ನು ಮ್ಯಾಕ್‌ಬುಕ್ ಏರ್‌ನಲ್ಲಿ ಅಳವಡಿಸಿದಾಗ ವೇಗ, ಬ್ಯಾಟರಿ ಬಾಳಿಕೆ ಎರಡೂ ಒಮ್ಮೆಲೇ ಮೇಲೇರಿದವು. ಒಳಗೆ ಬೀಸಣಿಗೆಯೇ ಬೇಡವಾಯಿತು. ವಿಂಡೋಸ್ ಯಂತ್ರಗಳಲ್ಲಿ ಅದಕ್ಕೆ ಹತ್ತಿರದ ಬದಲಾವಣೆ ಕಂಡದ್ದು 2024ರಲ್ಲಿ. ಸ್ನಾಪ್‌ಡ್ರಾಗನ್ ಎಕ್ಸ್ ಮತ್ತು ಲೂನಾರ್ ಲೇಕ್ ಯಂತ್ರಗಳಲ್ಲಿ ಬ್ಯಾಟರಿ ಬಾಳಿಕೆ ಗಮನಾರ್ಹವಾಗಿ ಹೆಚ್ಚಿತು. ಇಂತಹ ನೆಗೆತ ಅಪರೂಪ. ಪ್ರತಿ ಪೀಳಿಗೆಯಲ್ಲೂ ಸಿಗುವಂಥದ್ದಲ್ಲ. ನೆಗೆತ ಆಗಿ ಕೆಲ ಕಾಲವಾದ ಮೇಲೆ ಕೊಳ್ಳುವವನಿಗೆ ಅದರ ಲಾಭ ಕಾಯದೆಯೇ ದೊರೆಯುತ್ತದೆ.

ಹೊಸ ಹೆಸರು, ಹಳೆಯ ಮಾಲು

ಬಟ್ಟೆ ವ್ಯಾಪಾರದಲ್ಲಿರುವವರಿಗೆ ಹಳೆಯ ದಾಸ್ತಾನಿಗೆ ಹೊಸ ಚೀಟಿ ಅಂಟಿಸುವ ಪರಿಯನ್ನು ವಿವರಿಸಬೇಕಾಗಿಲ್ಲ. ಪ್ರೊಸೆಸರ್ ವ್ಯಾಪಾರದಲ್ಲಿಯೂ ಅದಕ್ಕೆ ಹೋಲುವ ಪದ್ಧತಿ ನಡೆದು ಬಂದಿದೆ, ಬಹಿರಂಗವಾಗಿಯೇ. 'ಕೋರ್ ಅಲ್ಟ್ರಾ 5 226ವಿ' ಮತ್ತು 'ಕೋರ್ ಅಲ್ಟ್ರಾ 5 225ಯು' ಎಂಬ ಎರಡು ಚಿಪ್ಪುಗಳ ಹೆಸರಿನಲ್ಲಿರುವ ವ್ಯತ್ಯಾಸ ಒಂದು ಅಂಕಿ, ಒಂದು ಅಕ್ಷರ. ಮೊದಲನೆಯದು ಲೂನಾರ್ ಲೇಕ್ ಎಂಬ ಹೊಸ ರಚನೆ. ಎರಡನೆಯದು 2023ರ ಮೀಟಿಯರ್ ಲೇಕ್‌ನ ತಿರುಳನ್ನೇ ಸುಧಾರಿತ ತಯಾರಿಕಾ ವಿಧಾನದಲ್ಲಿ ಮಾಡಿದ್ದು. ಎಎಂಡಿ 2023ರಲ್ಲಿ 'ರೈಜೆನ್ 7 7730ಯು' ಎಂದು ಮಾರಿದ ಚಿಪ್ಪಿನೊಳಗೆ ಇದ್ದದ್ದು 2020ರಲ್ಲಿ ಮೊದಲು ಬಂದ 'ಜೆನ್ 3' ರಚನೆ. ಆ ಸಾಲಿನಲ್ಲಿ ಮೂರನೆಯ ಅಂಕಿ ರಚನೆಯ ಪೀಳಿಗೆಯನ್ನು ಸೂಚಿಸುತ್ತದೆ, ಮೊದಲ ಅಂಕಿಯಲ್ಲ.

ಇಂತಹ ಚಿಪ್ಪುಗಳು ಕೆಟ್ಟವೆಂದು ಇದರ ಅರ್ಥವಲ್ಲ. ಕಡಿಮೆ ಬೆಲೆಗೆ ದೊರೆತರೆ ಅವು ಒಳ್ಳೆಯ ಖರೀದಿಯೇ. ಆದರೆ 'ಹೊಸ ಪೀಳಿಗೆ'ಗೆಂದು ಆರು ತಿಂಗಳು ಕಾದು ಕೊನೆಗೆ ಹಳೆಯ ರಚನೆಯನ್ನೇ ಮನೆಗೆ ತಂದರೆ ಕಾದದ್ದು ಮಾತ್ರ ಉಳಿಯುತ್ತದೆ. ಯಾವ ಚಿಪ್ಪಿಗಾಗಿ ಕಾಯಲಾಗುತ್ತಿದೆ ಎಂಬುದನ್ನು ಪೂರ್ಣ ಸಂಖ್ಯೆಯೊಡನೆ ಹೇಳಲಾಗದಿದ್ದರೆ ಆ ಕಾಯುವಿಕೆಗೆ ಆಧಾರವಿಲ್ಲ.

ವರ್ತಕನ ಕೆಲಸಕ್ಕೆ ಬೇಕಾದುದೇನು?

ಟ್ಯಾಲಿಯಲ್ಲಿ ಲೆಕ್ಕ, ಜಿಎಸ್‌ಟಿ ಜಾಲತಾಣದಲ್ಲಿ ವಿವರ ಸಲ್ಲಿಕೆ, ಇ-ವೇ ಬಿಲ್, ಬ್ಯಾಂಕ್ ವ್ಯವಹಾರ, ಪಟ್ಟಿಗಳು, ಪತ್ರವ್ಯವಹಾರ: ಈ ಕೆಲಸಗಳಲ್ಲಿ ಬಹುಪಾಲು ಹೊತ್ತು ಪ್ರೊಸೆಸರ್ ಸುಮ್ಮನೆ ಕುಳಿತಿರುತ್ತದೆ. ಹಳೆಯ ಯಂತ್ರ ತಡವರಿಸುವುದಕ್ಕೆ ಸಾಮಾನ್ಯ ಕಾರಣ ತಿರುಗುವ ಹಾರ್ಡ್ ಡಿಸ್ಕ್ ಅಥವಾ 4 ಜಿಬಿಯ ಮೆಮೊರಿ. ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸಿದೊಡನೆ 'ಹೊಸದರಂತಾಯಿತು' ಎಂದು ಹಲವರು ಅಚ್ಚರಿಪಡುವುದು ಇದರಿಂದಲೇ. ತೂಕವೂ ಬ್ಯಾಟರಿಯೂ ತೊಂದರೆ ಕೊಡದಿದ್ದಲ್ಲಿ ಅಷ್ಟೇ ಸಾಕಾಗಬಹುದು. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಳೆಯ ಬಹುತೇಕ ಪ್ರೊಸೆಸರುಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಬ್ಯಾಂಕ್ ವ್ಯವಹಾರ ನಡೆಸುವ ಅಷ್ಟು ಹಳೆಯ ಯಂತ್ರವನ್ನು ಭದ್ರತಾ ಪರಿಷ್ಕರಣೆಯಿಲ್ಲದೆ ಇಟ್ಟುಕೊಂಡು ಕಾಯುವುದು ಅಪಾಯಕರ.

ಸೀರೆಯ ವಿನ್ಯಾಸ ಬರೆಯುವವರ ಕೆಲಸ ಸ್ವಲ್ಪ ಭಾರದ್ದು. ರಂಧ್ರ ಕೊರೆದ ಅಟ್ಟೆಗಳಿಂದ ನೂಲನ್ನು ಎತ್ತಿಳಿಸುವ ಜಕಾರ್ಡ್ ಯಂತ್ರ ಫ್ರಾನ್ಸಿನಲ್ಲಿ 1804ರ ಹೊತ್ತಿಗೆ ರೂಪುಗೊಂಡಿತು. ಅದೇ ಅಟ್ಟೆಗಳಿಂದ ಪ್ರೇರಣೆ ಪಡೆದು ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕಯಂತ್ರವನ್ನು ಕಲ್ಪಿಸಿದ. ಗಣಕಕ್ಕೆ ಮಗ್ಗ ಕೊಟ್ಟ ಈ ಸಾಲ ಇಂದು ಇಲೆಕ್ಟ್ರಾನಿಕ್ ಜಕಾರ್ಡ್‌ನ ರೂಪದಲ್ಲಿ ಮರಳಿ ಬಂದಿದೆ ಎನ್ನಬಹುದು. ಅಂಚು, ಸೆರಗುಗಳ ದೊಡ್ಡ ಚಿತ್ರಗಳನ್ನು ತೆರೆದು ತಿದ್ದುವಾಗಲೂ ಮೊದಲು ಕೊರತೆಯಾಗುವುದು ಮೆಮೊರಿ ಮತ್ತು ಪರದೆಯ ಅಗಲ. ತೆಳುವಾದ ಲ್ಯಾಪ್‌ಟಾಪುಗಳಲ್ಲಿ ಮೆಮೊರಿಯನ್ನು ಸಾಮಾನ್ಯವಾಗಿ ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಲೂನಾರ್ ಲೇಕ್‌ನಲ್ಲಂತೂ ಅದು ಪ್ರೊಸೆಸರಿನ ಕವಚದೊಳಗೇ ಇದ್ದು, 16 ಅಥವಾ 32 ಜಿಬಿ ಎಂದು ಕೊಳ್ಳುವಾಗಲೇ ತೀರ್ಮಾನವಾಗಿರುತ್ತದೆ. ಮುಂದಿನ ಪೀಳಿಗೆಯ 8 ಜಿಬಿ ಯಂತ್ರಕ್ಕಿಂತ ಈ ಪೀಳಿಗೆಯ 16 ಜಿಬಿ ಯಂತ್ರ ಹೆಚ್ಚು ಕಾಲ ದುಡಿಯುತ್ತದೆ.

ಕಾಯುವಿಕೆಯ ಲೆಕ್ಕ

ಕಾಯುವುದಕ್ಕೆ ಖರ್ಚಿಲ್ಲವೆಂಬ ಭಾವನೆ ಸಾಮಾನ್ಯ. ಒಂದು ಉದಾಹರಣೆ ನೋಡೋಣ. ಲೆಕ್ಕ ಬರೆಯುವ ನೌಕರನ ಸಂಬಳ ತಿಂಗಳಿಗೆ 20,000 ರೂಪಾಯಿ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಕೆಲಸ ಎಂದರೆ ಗಂಟೆಗೆ ಸುಮಾರು 96 ರೂಪಾಯಿ. ಹಳೆಯ ಯಂತ್ರದಿಂದ ದಿನಕ್ಕೆ ಅರ್ಧ ಗಂಟೆ ಪೋಲಾದರೆ 48 ರೂಪಾಯಿ. ಆರು ತಿಂಗಳ 156 ದಿನಗಳಿಗೆ ಇದು ಸುಮಾರು 7,500 ರೂಪಾಯಿ. ಹೊಸ ಪೀಳಿಗೆ ಬಂದಾಗ ಹಳೆಯದರ ಬೆಲೆ ಇಳಿಯುವುದೆಂದು ಕಾಯುವವರು ಈ ಮೊತ್ತಕ್ಕಿಂತ ಹೆಚ್ಚು ಇಳಿಯುವುದೇ ಎಂದು ಕೇಳಿಕೊಳ್ಳಬೇಕು. ಮಾಲೀಕನೇ ಯಂತ್ರದ ಮುಂದೆ ಕೂರುವವನಾದರೆ ಅರ್ಧ ಗಂಟೆಯ ಬೆಲೆ ಇನ್ನೂ ಹೆಚ್ಚು. ಸಮಯ ಪೋಲಾಗದೆ ಕೇವಲ ಹೊಸದರ ಆಸೆ ಇದ್ದಲ್ಲಿ ಈ ನಷ್ಟ ಸೊನ್ನೆ. ಆಗ ಕಾಯುವುದೇ ಸರಿ.

ಬೆಲೆ ಇಳಿದೇ ಇಳಿಯುತ್ತದೆ ಎಂಬ ನಂಬಿಕೆಯೂ ಗಟ್ಟಿಯಲ್ಲ. 2023ರ ಆಗಸ್ಟ್ 3ರಂದು ಕೇಂದ್ರ ಸರ್ಕಾರ ಲ್ಯಾಪ್‌ಟಾಪ್ ಆಮದಿಗೆ ಪರವಾನಗಿ ಕಡ್ಡಾಯಗೊಳಿಸಿ ಹಠಾತ್ತನೆ ಅಧಿಸೂಚನೆ ಹೊರಡಿಸಿತು. ಮರುದಿನವೇ ಅದನ್ನು ಅಕ್ಟೋಬರ್ ಕೊನೆಯವರೆಗೆ ಮುಂದೂಡಿ, ಅನಂತರ ಸಡಿಲವಾದ ಆಮದು ನಿರ್ವಹಣಾ ವ್ಯವಸ್ಥೆಗೆ ಬದಲಾಯಿಸಿತು. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದಾಗಿ ಮೆಮೊರಿ ಚಿಪ್ಪುಗಳ ಬೆಲೆ ತೀವ್ರವಾಗಿ ಏರಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಡಾಲರಿಗೆ 90 ರೂಪಾಯಿಯ ಗಡಿಯೂ ದಾಟಿತು. ಪ್ರೊಸೆಸರಿಗಾಗಿ ಕಾದವನು ಮೆಮೊರಿಗೂ ಡಾಲರಿಗೂ ಹೆಚ್ಚು ತೆರಬೇಕಾದ ಪರಿಸ್ಥಿತಿ ಇದು.

ತೆರಿಗೆಯ ಅಂಶವೂ ಉಂಟು. ಲ್ಯಾಪ್‌ಟಾಪಿನ ಮೇಲೆ ಶೇ. 18 ಜಿಎಸ್‌ಟಿ ಇದೆ. ನೋಂದಾಯಿತ ವರ್ತಕರು ಸಂಸ್ಥೆಯ ಹೆಸರು ಮತ್ತು ಜಿಎಸ್‌ಟಿ ಸಂಖ್ಯೆಯುಳ್ಳ ಬಿಲ್ಲು ಪಡೆದಲ್ಲಿ, 70,000 ರೂಪಾಯಿ ಮೂಲಬೆಲೆಯ ಯಂತ್ರಕ್ಕೆ ಕಟ್ಟಿದ 12,600 ರೂಪಾಯಿಯನ್ನು ಹೂಡುವಳಿ ತೆರಿಗೆಯಾಗಿ ವಜಾ ಮಾಡಿಕೊಳ್ಳಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯಡಿ ಗಣಕಯಂತ್ರಗಳಿಗೆ ಶೇ. 40 ಸವಕಳಿ ನಿಗದಿಯಾಗಿತ್ತು. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಆ ಲೆಕ್ಕದಲ್ಲಿ ಅಕ್ಟೋಬರ್ 3ರೊಳಗೆ ಬಳಕೆಗೆ ಬಂದ ಯಂತ್ರಕ್ಕೆ 28,000 ರೂಪಾಯಿ, ತಡವಾದರೆ 14,000. ಉಳಿದದ್ದು ಮುಂದಿನ ವರ್ಷಗಳಲ್ಲಿ ಬರುವುದರಿಂದ ಇದು ನಷ್ಟವಲ್ಲ, ವಿಳಂಬವಷ್ಟೆ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಅನ್ವಯವಾಗುವುದರಿಂದ ತಮ್ಮ ಲೆಕ್ಕಪರಿಶೋಧಕರನ್ನು ಒಮ್ಮೆ ವಿಚಾರಿಸುವುದು ಲೇಸು. ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಸವಕಳಿಯ ಈ ಲೆಕ್ಕ ಅನ್ವಯಿಸದು.

ಕಾಯಬಹುದಾದ ಸಂದರ್ಭ

ಹಾಗಾದರೆ ಕಾಯುವುದು ಎಂದಿಗೂ ತಪ್ಪೇ? ಇಲ್ಲ. ಈಗಿನ ಯಂತ್ರ ಕೆಲಸಕ್ಕೆ ಅಡ್ಡಿ ಮಾಡದೆ ನಡೆಯುತ್ತಿದ್ದು, ಬೇಕಾದ ನಿರ್ದಿಷ್ಟ ಮಾದರಿಯ ಭಾರತದ ಬೆಲೆಯೂ ಮಾರಾಟದ ದಿನಾಂಕವೂ ಪ್ರಕಟವಾಗಿದ್ದಲ್ಲಿ ಒಂದೆರಡು ತಿಂಗಳು ತಡೆಯುವುದು ವಿವೇಕ. ದಸರಾ-ದೀಪಾವಳಿಯ ರಿಯಾಯಿತಿ ಸಮೀಪಿಸಿದ್ದರೂ ಹಾಗೆಯೇ. ಬ್ಯಾಟರಿ ಬಾಳಿಕೆಯೇ ಮುಖ್ಯವಾಗಿದ್ದು, ಹೊಸ ಚಿಪ್ಪಿನಿಂದ ಅದು ಹೆಚ್ಚಿದೆಯೆಂದು ಸ್ವತಂತ್ರ ಪರೀಕ್ಷೆಗಳಿಂದ ತಿಳಿದುಬಂದಲ್ಲಿಯೂ ಕಾಯಬಹುದು. ಆದರೆ ಹಗುರ ಕೆಲಸದಲ್ಲಿ ವಿದ್ಯುತ್ತಿನ ದೊಡ್ಡ ಪಾಲನ್ನು ನುಂಗುವುದು ಪರದೆ, ಪ್ರೊಸೆಸರಲ್ಲ. ಬ್ಯಾಟರಿಯ ವ್ಯಾಟ್-ಗಂಟೆ ಎಷ್ಟೆಂದು ನೋಡದೆ ಪ್ರೊಸೆಸರನ್ನಷ್ಟೇ ನೋಡುವುದು ಅರೆಬರೆ ಪರಿಶೀಲನೆ.

ಮಾಕಳಿದುರ್ಗದ ಕಡೆಯ ನಮ್ಮ ತಯಾರಕರ ಸ್ಥಿತಿ ಇದಕ್ಕೆ ಹೊರತು. ಅವರ ಯಂತ್ರ ಈಗಲೇ ಕೈಕೊಡುತ್ತಿದೆ. ಕರೆಂಟು ಹೋದಾಗ ಇ-ವೇ ಬಿಲ್ ತೆಗೆಯಲಾಗದೆ ಮಾಲು ತುಂಬಿದ ವಾಹನ ಮಗ್ಗದ ಮನೆಯ ಮುಂದೆಯೇ ನಿಲ್ಲುತ್ತದೆ. ಅಂಗಡಿಯಲ್ಲಿ ಈಗಿರುವ, 16 ಜಿಬಿ ಮೆಮೊರಿಯ, ಒಂದು ಪೀಳಿಗೆ ಹಿಂದಿನ ಹಗುರ ಯಂತ್ರವೇ ಅವರಿಗೆ ತಕ್ಕದ್ದು.

ಹಣ ಕೊಡುವ ಮುನ್ನ ಅವರು ಮಾಡಬೇಕಾದ ಒಂದು ಕೆಲಸವಿದೆ. ಸ್ನಾಪ್‌ಡ್ರಾಗನ್ ಚಿಪ್ಪಿನ ಯಂತ್ರಗಳು ಇಂಟೆಲ್-ಎಎಂಡಿ ಯಂತ್ರಗಳಿಗಾಗಿ ಬರೆದ ತಂತ್ರಾಂಶಗಳನ್ನು ಅನುಕರಣೆಯ ಮೂಲಕ ನಡೆಸುತ್ತವೆ. ಆದರೆ ಉಪಕರಣಗಳ ಡ್ರೈವರುಗಳಿಗೆ ಈ ಅನುಕರಣೆ ಒದಗದು, ಅವು ಆ ಚಿಪ್ಪಿಗೆಂದೇ ಬರೆದವಾಗಿರಬೇಕು. ಹಳೆಯ ಡಾಟ್ ಮ್ಯಾಟ್ರಿಕ್ಸ್ ಮುದ್ರಕ, ಬಾರ್‌ಕೋಡ್ ಮುದ್ರಕ, ವಿನ್ಯಾಸ ತಂತ್ರಾಂಶದ ಡಾಂಗಲ್, ಡಿಜಿಟಲ್ ಸಹಿಯ ಟೋಕನ್ ಇವೆಲ್ಲ ಅಲ್ಲಿ ನಿಂತುಹೋಗುವ ಸಂಭವವಿದೆ. ಮ್ಯಾಕ್‌ಬುಕ್ ಬಯಸುವವರು ಟ್ಯಾಲಿಪ್ರೈಮ್ ವಿಂಡೋಸ್‌ಗಾಗಿ ರೂಪಿತವಾದದ್ದೆಂಬುದನ್ನು ನೆನಪಿಡಬೇಕು. ಆದಕಾರಣ ಅಂಗಡಿಗೆ ಹೋಗುವಾಗ ಸಹಿಯ ಟೋಕನ್ನನ್ನೂ ಡಾಂಗಲನ್ನೂ ಜೇಬಿನಲ್ಲಿಟ್ಟುಕೊಂಡು ಹೋಗಿ, ಕೊಳ್ಳಲಿರುವ ಯಂತ್ರಕ್ಕೇ ಚುಚ್ಚಿ, ಅಲ್ಲಿಯೇ ನಡೆಸಿ ನೋಡಿ, ಅನಂತರ ಬಿಲ್ಲು ಬರೆಸತಕ್ಕದ್ದು.