ಹಲಗಿಯ ರೊಕ್ಕ: ಕೇರಿಯ ಕಲೆಗೆ ಕೊಡುವವರು ಯಾರು?

ದಲಿತ ವಿಮರ್ಶೆ ಅಂದಕೂಡಲೇ ನಾವು ಪುಸ್ತಕ ತೆಗೆದುಕೊಂಡು ಕೂಡುತ್ತೇವೆ. ಯಾರು ಬರೆದರು, ಯಾರ ಅನುಭವ, ಯಾವ ಭಾಷೆ ಎಂದು ಕೇಳುತ್ತೇವೆ. ಆ ಹಾಡು, ಆ ಆಟ, ಆ ಹಲಗಿ ನಡೆಯಲಿಕ್ಕೆ ರೊಕ್ಕ ಯಾರ ಕಿಸೆಯಿಂದ ಬಂತು ಎಂಬ ಪ್ರಶ್ನೆ ಮಾತ್ರ ಲೆಕ್ಕಪತ್ರದವರ ಪ್ರಶ್ನೆ ಎಂಬಂತೆ ಹೊರಗೇ ನಿಲ್ಲುತ್ತದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಕೇರಿಗಳಲ್ಲಿ ಓಡಾಡುವ ನನಗೆ ಅದೇ ಮೊದಲನೆಯ ಪ್ರಶ್ನೆ ಅನಿಸುತ್ತದೆ. ಕೊಡುವ ರೀತಿಯಲ್ಲೇ ಕಲೆಯ ಮೇಲಿನ ಯಜಮಾನಿಕೆ ಅಡಗಿರುತ್ತದೆ.

ಈ ಸೀಮೆಯಲ್ಲಿ ಈ ಪ್ರಶ್ನೆಗೆ ಸಾವಿರ ವರ್ಷ ವಯಸ್ಸು. ಮುದುವೊಳಲಿನ, ಅಂದರೆ ಇವತ್ತಿನ ಮುಧೋಳದ ಬಳೆಗಾರರ ಮನೆಯ ಹುಡುಗ ರನ್ನ ಓದಿಗಾಗಿ ಗಂಗರ ನಾಡಿಗೆ ಹೋದ. ಅಜಿತಸೇನಾಚಾರ್ಯರು ಗುರುವಾದರು, ಚಾವುಂಡರಾಯ ಆಶ್ರಯ ಕೊಟ್ಟ. ಅತ್ತಿಮಬ್ಬೆಯ ಪೋಷಣೆಯಲ್ಲಿ 993ರಲ್ಲಿ ಅಜಿತಪುರಾಣ ಆಯಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದವಳೂ ಅವಳೇ. ತೈಲಪನಿಂದ ರನ್ನನಿಗೆ ಕವಿಚಕ್ರವರ್ತಿ ಬಿರುದು ಬಂತು. ಗದಾಯುದ್ಧದಲ್ಲಿ ಅವನು ತನ್ನ ಒಡೆಯ ಸತ್ಯಾಶ್ರಯ ಇರಿವಬೆಡಂಗನನ್ನೇ ಭೀಮನನ್ನಾಗಿ ಮಾಡಿದ. ಕೊಟ್ಟವ ನಾಯಕನಾದ. ಆದರೂ ಓದುವವರ ಕಣ್ಣು ಒದ್ದೆಯಾಗುವುದು ಭೀಮನಿಗಲ್ಲ, ದುರ್ಯೋಧನನಿಗೆ. ಆಶ್ರಯದಾತನ ಕೈಯಿಂದ ಕಾವ್ಯ ಅಷ್ಟು ಜಾರಿಕೊಂಡಿತು. ಬಳೆಗಾರರ ಮಗನಿಗೆ ಅಕ್ಷರವಿತ್ತು, ಒಬ್ಬ ದೊರೆ ಒಲ್ಲೆ ಅಂದರೆ ಇನ್ನೊಬ್ಬನ ಕಡೆ ಹೋಗುವ ದಾರಿಯಿತ್ತು. ಹಲಗಿ ಬಾರಿಸುವವನಿಗೆ ಎರಡೂ ಇರಲಿಲ್ಲ.

ಅವನಿಗಿದ್ದದ್ದು ಆಯ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ಸಿಗುವ ಕಾಳಿನ ಪಾಲು. ಜಾತ್ರೆ, ಮದುವೆ, ಸಾವು, ಡಂಗುರ ಎಲ್ಲಕ್ಕೂ ಹಲಗಿ ಬೇಕು. ಬಾರಿಸುವುದಿಲ್ಲ ಅಂದರೆ ಆಯ ನಿಂತೀತು, ಬಾವಿ ನಿಂತೀತು, ಕೂಲಿಯೂ ನಿಂತೀತು. ಇದನ್ನು ಈಗ ಕೆಲವು ಜಾನಪದ ವಿದ್ವಾಂಸರು ಕಲೆಗೆ ಹಳ್ಳಿ ಕೊಟ್ಟ ಪೋಷಣೆ ಅಂತ ಬರೆಯುತ್ತಾರೆ. ಪೋಷಣೆ ಅಲ್ಲ. ಹುಟ್ಟಿಗೆ ಅಂಟಿಸಿದ ಚಾಕರಿ. 1928ರಲ್ಲಿ ಅಂಬೇಡ್ಕರರು ಮುಂಬೈ ಶಾಸನಸಭೆಯಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದಾಗ ಅವರು ಕೈಹಾಕಿದ್ದು ಇಂಥದೇ ಗಂಟಿಗೆ: ಅರ್ಧ ಕೂಲಿ, ಅರ್ಧ ಭಿಕ್ಷೆ ಆದ ಸಂಬಳ ಮನುಷ್ಯನನ್ನು ಊರಿಗೆ ಕಟ್ಟಿಹಾಕುತ್ತದೆ. ಆಗ ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು. ಎರಡೂ ಸಂಸ್ಥಾನಗಳು 1948ರಲ್ಲಿ ವಿಲೀನವಾದವು. ಸಂಸ್ಥಾನ ಹೋಯಿತು, ಹಲಗಿಯ ಆಯ ಮಾತ್ರ ಎಷ್ಟೋ ಊರುಗಳಲ್ಲಿ ಉಳಿಯಿತು. ಎಪ್ಪತ್ತರ ದಶಕದ ದಲಿತ ಸಂಘರ್ಷ ಸಮಿತಿಯ ಕಾಲದಲ್ಲಿ ಸತ್ತ ದನ ಹೊರುವುದಿಲ್ಲ, ಸಾವಿಗೆ ಹಲಗಿ ಬಾರಿಸುವುದಿಲ್ಲ ಎಂಬ ಮಾತು ಕೇರಿಯಿಂದ ಕೇರಿಗೆ ಹಬ್ಬಿತು. ಅದೇ ಚಳವಳಿ ತನ್ನ ಮೆರವಣಿಗೆಯ ಮುಂದೆ ಅದೇ ಚರ್ಮವಾದ್ಯವನ್ನು ಇಟ್ಟುಕೊಂಡಿತು. ಇದರಲ್ಲಿ ವಿರೋಧಾಭಾಸ ಕಾಣುವವರಿಗೆ ನಾನು ಹೇಳುವುದು ಇಷ್ಟೇ: ವಾದ್ಯ ಅದೇ ಇರಬಹುದು, ಕರೆದವರು ಯಾರು ಮತ್ತು ಒಲ್ಲೆ ಅನ್ನುವ ಹಕ್ಕು ಇತ್ತೋ ಇಲ್ಲವೋ ಅಂತ ನೋಡಿರಿ.

ಈಗ ಕರೆಯುವವರಲ್ಲಿ ಸರಕಾರವೇ ದೊಡ್ಡದು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘಗಳಿಗೆ ಧನಸಹಾಯ ಕೊಡುತ್ತದೆ, ವಾದ್ಯ-ವೇಷಭೂಷಣಕ್ಕೆ ಕೊಡುತ್ತದೆ, ಉತ್ಸವಗಳಿಗೆ ತಂಡಗಳನ್ನು ಕರೆಸುತ್ತದೆ, ವಯಸ್ಸಾದ ಕಲಾವಿದರಿಗೆ ಮಾಸಾಶನ ಕೊಡುತ್ತದೆ. ಬಯಲಾಟಕ್ಕೆಂದೇ ಬಾಗಲಕೋಟೆಯಲ್ಲಿ ಅಕಾಡೆಮಿ ಇದೆ. ಪರಿಶಿಷ್ಟರ ಉಪಯೋಜನೆಯ ಹಣದಲ್ಲಿ ಈ ಇಲಾಖೆಗೂ ಪಾಲು ಇದೆ, ಅದಕ್ಕೆ 2013ರ ಕಾಯ್ದೆಯ ಬಲವೂ ಇದೆ. ಕಾಗದದ ಮೇಲೆ ಕೊರತೆ ಕಾಣುವುದಿಲ್ಲ.

ಕೊರತೆ ಶುರುವಾಗುವುದು ಕಾಗದದಿಂದಲೇ. ಧನಸಹಾಯ ಬೇಕಾದರೆ ಸಂಘ ನೋಂದಣಿ ಆಗಿರಬೇಕು. ಬೈಲಾ, ಪದಾಧಿಕಾರಿಗಳ ಪಟ್ಟಿ, ಬ್ಯಾಂಕ್ ಖಾತೆ, ಲೆಕ್ಕಪರಿಶೋಧಕರ ವರದಿ, ಹಿಂದೆ ಮಾಡಿದ ಕಾರ್ಯಕ್ರಮಗಳ ಫೋಟೋ ಬೇಕು. ಅರ್ಜಿ ಈಗ ಆನ್‌ಲೈನ್. ಬನಹಟ್ಟಿಯ ಮಗ್ಗದ ಶೆಡ್ಡಿನಲ್ಲಿ ಕಂಡಿಕಿ ಸುತ್ತುವ, ಹಂಗಾಮಿನಲ್ಲಿ ಕಬ್ಬು ಕಡಿಯುವ, ಕೆಲಸ ಇಲ್ಲದಾಗ ಗೋವಾಕ್ಕೋ ಮುಂಬೈಗೋ ಬಸ್ಸು ಹತ್ತುವ ಏಳೆಂಟು ಮಂದಿ ಸೇರಿದರೆ ಒಂದು ಹಲಗಿ ಮೇಳ. ಇವರು ಸಾಲು ಸಾಲು ವರ್ಷಗಳ ಆಡಿಟ್ ಎಲ್ಲಿಂದ ತರಬೇಕು? ಹಾಗಾಗಿ ನಡುವೆ ಒಬ್ಬ ಹುಟ್ಟುತ್ತಾನೆ. ಅವನ ಹತ್ತಿರ ಸಂಘ ಇರುತ್ತದೆ, ಕೆಲವೊಮ್ಮೆ ಹೆಂಡತಿ ಹೆಸರಲ್ಲೊಂದು ತಮ್ಮನ ಹೆಸರಲ್ಲೊಂದು. ಉತ್ಸವದ ಸುಪಾರಿ ಅವನಿಗೆ ಬರುತ್ತದೆ, ಅವನು ಮೇಳವನ್ನು ಟೆಂಪೋದಲ್ಲಿ ತುಂಬಿಕೊಂಡು ಹೋಗುತ್ತಾನೆ. ನಾನು ನೋಡಿದ ಒಂದು ಮೇಳದವರಿಗೆ ಮಂಜೂರಾದ ಸಂಭಾವನೆ ಎಷ್ಟು ಅಂತಲೇ ಗೊತ್ತಿರಲಿಲ್ಲ. ಊಟ, ಒಂದು ರುಮಾಲು, ಕೈಗಿಷ್ಟು ದುಡ್ಡು. ಆಯ ಕಣದಿಂದ ಎದ್ದು ಬ್ಯಾಂಕಿಗೆ ಹೋದ ಹಾಗೆ ಕಂಡಿತು.

ಇಲ್ಲಿ ಒಂದು ಅಡ್ಡಮಾತು. ಮುಧೋಳ ನಾಯಿಗೆ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರ ಇದೆ. 2005ರಲ್ಲಿ ಅದರ ಅಂಚೆಚೀಟಿ ಬಂತು, ಸೈನ್ಯಕ್ಕೂ ಸೇರಿತು. ನಾಯಿಯ ಮೇಲೆ ನನಗೆ ಸಿಟ್ಟಿಲ್ಲ, ಚೆಂದದ ಪ್ರಾಣಿ. ಅದರ ತಳಿ, ಎತ್ತರ, ಆಹಾರ ದಾಖಲಾಗುವಷ್ಟು ಶ್ರದ್ಧೆಯಿಂದ ಅದೇ ತಾಲೂಕಿನ ಹಲಗಿಯ ಮಜಲುಗಳನ್ನು ಬರೆದಿಡಬೇಕೆಂದು ಕೇಳುವುದು ಅತಿಯಾಸೆಯೇ?

ಇನ್ನು ಓಣಿಗೆ ಬರೋಣ. ರಬಕವಿ-ಬನಹಟ್ಟಿ ಒಂದೇ ಜಾತಿಯ, ಒಂದೇ ಮಾತಿನ ಊರಲ್ಲ. ಮಗ್ಗ ಎಲ್ಲರನ್ನೂ ಎಳೆದು ತಂದಿದೆ. ನೇಕಾರರಲ್ಲೇ ಹಲವು ಪಂಗಡ. ಕನ್ನಡದ ಪಕ್ಕ ಮರಾಠಿ, ಉರ್ದು, ತೆಲುಗು ಮನೆಮಾತುಗಳು. ಮಾದರು, ಹೊಲೆಯರು, ಸಮಗಾರರು, ಶಹನಾಯಿ ಊದುವ ಭಜಂತ್ರಿಗಳು. ಸುತ್ತಲಿನ ಹಳ್ಳಿಗಳಿಂದ ಬಂದು ಬಾಡಿಗೆ ಖೋಲಿಯಲ್ಲಿ ಇರುವವರು. ಇಂಥ ಕಡೆ ಕಲೆ ಜಾತಿ ಪ್ರಮಾಣಪತ್ರ ಹಿಡಿದುಕೊಂಡು ನಡೆಯುವುದಿಲ್ಲ. ಮೊಹರಮ್ಮಿನ ಅಲಾವಿ ಮುಂದೆ ರಿವಾಯತ್ ಪದ ಹಾಡುವವರಲ್ಲಿ ಮುಸ್ಲಿಮರೂ ಇರುತ್ತಾರೆ ಲಿಂಗಾಯತರೂ ಇರುತ್ತಾರೆ, ಹೆಜ್ಜೆಮೇಳಕ್ಕೆ ಹಲಗಿ ಕೇರಿಯದು. ಈ ಮೇಳ ಅರ್ಜಿ ಹಾಕಿದರೆ ಯಾವ ಕಲಮಿನಲ್ಲಿ ತುಂಬಬೇಕು? ಪರಿಶಿಷ್ಟರದೋ, ಅಲ್ಪಸಂಖ್ಯಾತರದೋ, ಸಾಮಾನ್ಯವೋ? ಅನುದಾನ ತಲೆಯ ಲೆಕ್ಕದಲ್ಲಿ ಬರುತ್ತದೆ, ಮೇಳ ಓಣಿಯ ಲೆಕ್ಕದಲ್ಲಿ ಕೂಡುತ್ತದೆ.

ಬ್ರಿಟನ್ನಿನಲ್ಲಿ ಇಂಥದೇ ಜಗಳ 1976ರಲ್ಲಿ ಎದ್ದಿತ್ತು. ವಲಸೆ ಬಂದ ಏಷ್ಯನ್ನರು, ಕೆರಿಬಿಯನ್ನರು ತಮ್ಮ ಓಣಿಗಳಲ್ಲಿ ನಡೆಸುತ್ತಿದ್ದ ಹಾಡು-ಕುಣಿತ-ನಾಟಕಗಳನ್ನು ಅಲ್ಲಿಯ ಕಲಾ ಮಂಡಳಿ ಕಲೆಯೆಂದೇ ಎಣಿಸುತ್ತಿಲ್ಲ ಎಂದು ನಸೀಮ್ ಖಾನ್ ಒಂದು ವರದಿ ಬರೆದರು. ಅದರ ಹೆಸರೇ ಬ್ರಿಟನ್ ಅಲಕ್ಷಿಸಿದ ಕಲೆಗಳು ಎಂದು. ವರದಿ ಬಾಗಿಲು ತೆರೆಯಿತು ನಿಜ. ಜೊತೆಗೆ ಇಂಥವರದು ಜನಾಂಗೀಯ ಕಲೆ ಎಂಬ ಬೇರೆ ಗೂಡೂ ಆಯಿತೆಂಬ ಟೀಕೆ ಬಂತು. ನಮ್ಮಲ್ಲಿ ಜಾನಪದ ಎಂಬ ಪದ ಅದೇ ಗೂಡಿನ ಕೆಲಸ ಮಾಡುತ್ತದೆ. ಹಲಗಿಯವನು ಎಷ್ಟು ಚಲೋ ಬಾರಿಸಿದರೂ ಉದ್ಘಾಟನೆಯ ಮೆರವಣಿಗೆಗೆ. ವೇದಿಕೆಯ ಮೇಲಿನ ಸಂಜೆ ಬೇರೆಯವರದು.

ಹಾಗಾದರೆ ಕಲಮುಗಳನ್ನೇ ತೆಗೆದುಹಾಕಿ ಎಲ್ಲರ ಕಲೆಗೂ ಒಂದೇ ಗಂಟು ಮಾಡೋಣ ಅನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. 2013ರ ಕಾಯ್ದೆಯ 7ಡಿ ಕಲಮು ಮಾಡಿದ್ದು ಅದನ್ನೇ ಅಲ್ಲವೇ? ರಸ್ತೆ ಎಲ್ಲರದು, ಅದರಲ್ಲಿ ದಲಿತರೂ ನಡೆಯುತ್ತಾರೆ, ಆದ್ದರಿಂದ ದಲಿತರ ಹಣ ರಸ್ತೆಗೆ. ಬಹಳ ಹೋರಾಟದ ನಂತರ 2023ರಲ್ಲಿ ಅದನ್ನು ತೆಗೆದರು. ಈಗ ಸಾಮರಸ್ಯದ ಹೆಸರಿನಲ್ಲಿ ಕಲೆಯ ಬಾಗಿಲಿನಿಂದ ಅದು ಮತ್ತೆ ಒಳಗೆ ಬರಬಾರದು. ಪರಿಶಿಷ್ಟರ ಹಣ ಬಾರಿಸುವ, ಊದುವ, ಹಾಡುವ ಕೈಗಳಿಗೆ ನೇರವಾಗಿ ಹೋಗಲಿ. ಕೂಡಿ ಆಡುವ ಓಣಿಗೆ ನಗರಸಭೆಯ ಸಾಮಾನ್ಯ ನಿಧಿಯಿಂದ ಬೇರೆ ಕೊಡಲಿ. ಕೇರಿಯೊಳಗೂ ಲೆಕ್ಕ ಬೇಕು. 2025ರ ಆಗಸ್ಟಿನಲ್ಲಿ ರಾಜ್ಯ ಸಂಪುಟ ಶೇ. 17ರ ಮೀಸಲಾತಿಯನ್ನು 6, 6, 5 ಎಂದು ಹಂಚಿದಾಗ ಓಣಿಗಳಲ್ಲಿ ನೌಕರಿಯ ಮಾತಷ್ಟೇ ನಡೆಯಿತು. ಕಲೆಯ ಅನುದಾನದಲ್ಲಿ ಮಾದರಿಗೆಷ್ಟು, ಭಜಂತ್ರಿಗಳಿಗೆಷ್ಟು ಹೋಗಿದೆ ಅಂತ ಕೇಳಿದವರು ನನಗಂತೂ ಸಿಗಲಿಲ್ಲ.

ಬೀಳಗಿಯ ಕಥೆ ಬೇರೆ. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟವರು ಪುನರ್ವಸತಿ ಕೇಂದ್ರಗಳಲ್ಲಿ ಇದ್ದಾರೆ. ಗೇಟಿನ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸಲು 2010ರಲ್ಲಿ ನ್ಯಾಯಮಂಡಳಿ ಒಪ್ಪಿದ ಮೇಲೆ ಇನ್ನೂ ಕೆಲವರು ಕಾಯುತ್ತ ಕೂತಿದ್ದಾರೆ. ಮನೆ, ಹೊಲ, ಗಿಡಕ್ಕೆ ಪರಿಹಾರ ಇದೆ. ಮೇಳ ಚದುರಿದ್ದಕ್ಕೆ ಇಲ್ಲ. ಹಳೆಯ ಊರಿನೊಂದಿಗೆ ಹಳೆಯ ಆಯವೂ ನೀರಿನಡಿ ಹೋಗಿದ್ದರೆ ಅದಕ್ಕಾಗಿ ನಾನು ಅಳುವುದಿಲ್ಲ, ಅದು ಹೋಗಲೇಬೇಕಾಗಿತ್ತು. ಹೊಸ ಜಾಗದಲ್ಲಿ ತಾಲೀಮಿಗೊಂದು ಕಟ್ಟೆ, ವಾದ್ಯ ಇಡಲಿಕ್ಕೆ ಬೀಗದ ಖೋಲಿ ಕೇಳುವುದು ಮಾತ್ರ ನ್ಯಾಯ.

ಹೆಣ್ಣುಮಕ್ಕಳ ಚೌಡಿಕೆಯ ವಿಷಯ ಇನ್ನೂ ಸೂಕ್ಷ್ಮ. ಮುತ್ತು ಕಟ್ಟುವುದನ್ನು 1982ರ ಕಾಯ್ದೆ ನಿಷೇಧಿಸಿತು. ಸರಕಾರದ ಎರಡು ಸಮೀಕ್ಷೆಗಳು ಸೇರಿ 46,660 ಮಂದಿಯನ್ನು ಎಣಿಸಿದವು. ಜೋಗತಿ ಮಂಜಮ್ಮನವರು 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅದು ಗೆಲುವೇ. ಆದರೆ ಚೌಡಿಕೆ ಪದ ಗೊತ್ತಿರುವ ಹೆಣ್ಣುಮಗಳು ಕೊಡ ಹೊರದೆ, ಭಂಡಾರ ಬಳಿದುಕೊಳ್ಳದೆ, ದಿನದ ಸೀರೆಯಲ್ಲಿ ಬಂದು ಹಾಡುತ್ತೇನೆ ಅಂದರೆ ಅವಳಿಗೆ ಸಂಭಾವನೆ ಕೊಡುವವರು ಯಾರಾದರೂ ಇದ್ದಾರೆಯೇ? ವೇಷಕ್ಕೆ ಕೊಡುವ ರೊಕ್ಕ ಅವಳನ್ನು ಮತ್ತೆ ಗುಡಿಯ ಮುಂದೆಯೇ ನಿಲ್ಲಿಸುತ್ತದೆ.

ಇದೆಲ್ಲದರ ಆಚೆ ಕೇರಿ ತಾನೇ ಕೂಡಿಸುವ ರೊಕ್ಕ ಒಂದಿದೆ. ಏಪ್ರಿಲ್ 14ರ ಪಟ್ಟಿ. ಮನೆಗಿಷ್ಟು ಅಂತ ವಾರದ ಪಗಾರದಲ್ಲಿ ತೆಗೆದಿಟ್ಟ ಹಣ. ಆ ದಿನ ಗಡಿ ಆಚೆಯಿಂದ ಮರಾಠಿ ಭೀಮಗೀತೆಗಳು ಬರುತ್ತವೆ, ಕನ್ನಡದ ಹೋರಾಟದ ಹಾಡುಗಳು ಬರುತ್ತವೆ, ಹಲಗಿ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ರನ್ನನ ಭೀಮನಿಗೂ ಈ ಭೀಮನಿಗೂ ಇರುವ ದೂರ ಅಳೆಯಬೇಕಾದರೆ ಆ ರಾತ್ರಿ ಬಂದು ನೋಡಬೇಕು. ಹಾಗಂತ ಇದನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಪಟ್ಟಿಯ ಬಹುಪಾಲು ಈಗ ಡಿಜೆ ಬಾಡಿಗೆಗೆ ಹೋಗುತ್ತದೆ, ಕೇರಿಯದೇ ಮೇಳ ಪಕ್ಕದಲ್ಲಿ ನಿಂತು ನೋಡುತ್ತದೆ. ಮಗ್ಗ ನಿಂತ ವರ್ಷ ಪಟ್ಟಿಯೂ ಸೊರಗುತ್ತದೆ. ಬಡವರ ಕಲೆಯನ್ನು ಬಡವರೇ ಸಾಕಲಿ ಅನ್ನುವುದು ಸರಕಾರಕ್ಕೆ ಅನುಕೂಲದ ತತ್ವ.

ಕೇಳಬೇಕಾದ ಜಾಗ ದೂರ ಇಲ್ಲ. ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟರಿಗಾಗಿ ಶೇ. 24.10 ಹಣ ಮೀಸಲಿಡಬೇಕೆಂಬ ನಿಯಮ ಇದೆ. ಬಜೆಟ್ ಪೂರ್ವ ಸಭೆಗೆ ನಾಲ್ಕೂ ಊರಿನ ಹುಡುಗರು ಹೋಗಿ ಅದರಲ್ಲಿ ವಾದ್ಯ, ತಾಲೀಮು, ಕಲಿಸುವವರ ಸಂಬಳಕ್ಕೆ ಎಷ್ಟು ಎಂದು ಕೇಳಬಹುದು. ನೋಂದಣಿ ಇಲ್ಲದ ಮೇಳಕ್ಕೆ ಸಂಭಾವನೆಯನ್ನು ಪ್ರತಿಯೊಬ್ಬರ ಖಾತೆಗೆ ಹಾಕಿರಿ ಎಂದು ಒತ್ತಾಯಿಸಬಹುದು, ಅದರಿಂದ ನಡುವಿನವನ ಅರ್ಧ ಆಟ ಮುಗಿಯುತ್ತದೆ. ಸಭೆಗೆ ಹೋಗುವ ಮೊದಲು ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿರಿ: ಕಳೆದ ಮೂರು ವರ್ಷ ಪರಿಶಿಷ್ಟರ ಹಣದಲ್ಲಿ ವಾದ್ಯ ಪಡೆದ ಸಂಘಗಳು ಯಾವುವು, ಯಾವ ವಾದ್ಯ, ಯಾವ ಊರು. ಅರ್ಜಿ ಸಾಮಾನ್ಯವಾಗಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು, ಇಲ್ಲವಾದರೆ ಮೊದಲ ವಿಷಯಕ್ಕಷ್ಟೇ ಉತ್ತರ ಕೊಟ್ಟಾರು. ಉತ್ಸವದ ಸಂಭಾವನೆಯ ಲೆಕ್ಕಕ್ಕೆ ಬೇರೆ ಅರ್ಜಿ ಬರೆಯಿರಿ.