ಹಳೆಯ ಗಣಕಕ್ಕೆ ಹೊಸ ಗ್ರಾಫಿಕ್ಸ್ ಕಾರ್ಡ್: ಕೊಳ್ಳುವ ಮುನ್ನ ಪೆಟ್ಟಿಗೆ ತೆರೆದು ನೋಡಿ

ಗಣಕದಲ್ಲಿ ಆಟವಾಡುವವರಿಗೆ ಜಿಟಿಎಕ್ಸ್ 1060 ಹೊಸ ಹೆಸರೇನಲ್ಲ. ಎನ್‌ವಿಡಿಯಾ ಸಂಸ್ಥೆ 2016ರಲ್ಲಿ ಬಿಡುಗಡೆ ಮಾಡಿದ ಈ ಗ್ರಾಫಿಕ್ಸ್ ಕಾರ್ಡ್ ಹಲವು ವರ್ಷಗಳ ಕಾಲ ಮಧ್ಯಮ ವರ್ಗದ ಆಟಗಾರರ ನೆಚ್ಚಿನ ಆಯ್ಕೆಯಾಗಿತ್ತು. ಆದರೆ ಈ ಪೀಳಿಗೆಯ ಕಾರ್ಡ್‌ಗಳಿಗೆ ಹೊಸ ಆಟಗಳಿಗಾಗಿ ಚಾಲಕ ತಂತ್ರಾಂಶ ಒದಗಿಸುವುದನ್ನು ಸಂಸ್ಥೆ 2025ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. 2024ರ ಡಿಸೆಂಬರ್‌ನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟಕ್ಕೆ ರೇ ಟ್ರೇಸಿಂಗ್ ಯಂತ್ರಾಂಶ ಕಡ್ಡಾಯ. 1060ರಲ್ಲಿ ಅದು ಇಲ್ಲ. ಹಾಗಾಗಿ ಕಾರ್ಡ್ ಬದಲಿಸುವ ಯೋಚನೆ ಸಹಜವೇ. ಆದರೆ ಹಣ ವ್ಯರ್ಥವಾಗುವುದೂ ಇಲ್ಲಿಯೇ.

ಉದಾಹರಣೆಗೆ, 2017ರಲ್ಲಿ ಕೋರ್ ಐ5-7400 ಸಂಸ್ಕಾರಕದೊಂದಿಗೆ ಜೋಡಿಸಿದ ಗಣಕವನ್ನು ತೆಗೆದುಕೊಳ್ಳೋಣ. ಚಿತ್ರ ರಚಿಸುವುದು ಕಾರ್ಡ್‌ನ ಕೆಲಸವಾದರೂ, ಏನನ್ನು ರಚಿಸಬೇಕೆಂದು ಹೇಳುವುದು ಸಂಸ್ಕಾರಕ. ನಾಲ್ಕೇ ಕೋರ್‌ಗಳ ಈ ಸಂಸ್ಕಾರಕ ತಡವರಿಸಿದರೆ ಎಷ್ಟು ದುಬಾರಿ ಕಾರ್ಡ್ ಆದರೂ ಕೈಕಟ್ಟಿ ಕಾಯಬೇಕಷ್ಟೆ. ಇದನ್ನು ಖರ್ಚಿಲ್ಲದೆ ಪರೀಕ್ಷಿಸಬಹುದು. ಆಟದಲ್ಲಿ ರೆಸಲ್ಯೂಶನ್ ಅನ್ನು 1080ರಿಂದ 720ಕ್ಕೆ ಇಳಿಸಿ. ಚಲನೆ ಸರಾಗವಾಯಿತೆಂದರೆ ಕೊರತೆ ಕಾರ್ಡ್‌ನದು. ಏನೂ ಬದಲಾಗದಿದ್ದರೆ ಕೊರತೆ ಸಂಸ್ಕಾರಕದ್ದು. ಅಂತಹವರು ಕಾರ್ಡ್‌ನ ಅಂಗಡಿಗೆ ಹೋಗುವ ಅಗತ್ಯವೇ ಇಲ್ಲ.

ಎರಡನೆಯದು ಮದರ್‌ಬೋರ್ಡ್‌ನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್. ಮೇಲೆ ಹೇಳಿದ ಗಣಕದ ಸ್ಲಾಟ್ 3.0 ಆವೃತ್ತಿಯದು. ಈಚಿನ ಕಾರ್ಡ್‌ಗಳು 4.0 ಅಥವಾ 5.0 ಆವೃತ್ತಿಯವು. ಅವು ಹಳೆಯ ಸ್ಲಾಟ್‌ನಲ್ಲಿಯೂ ಕೂರುತ್ತವೆ, ಆದರೆ ಕೆಲವು ಕಾರ್ಡ್‌ಗಳಲ್ಲಿ ತಯಾರಕರು ಸ್ಲಾಟ್‌ನ 16 ಪಥಗಳನ್ನೂ ಬಳಸುವುದಿಲ್ಲ. 2022ರ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ನಾಲ್ಕೇ ಪಥಗಳನ್ನು. ಸ್ಮೃತಿಯೂ 4 ಜಿಬಿ ಮಾತ್ರ. ಹಳೆಯ ಗಣಕದಲ್ಲಿ ಸೆಕೆಂಡಿಗೆ ಸುಮಾರು 4 ಜಿಬಿ ದತ್ತಾಂಶವಷ್ಟೇ ಹರಿಯುವುದರಿಂದ, ಸ್ಮೃತಿ ತುಂಬಿದೊಡನೆ ಆಟ ಮುಗ್ಗರಿಸುತ್ತದೆ. ಅಗ್ಗವೆಂದು ಇದನ್ನು ಕೊಳ್ಳುವುದು ಬೇಡ. ಎಂಟು ಪಥ, 8 ಜಿಬಿ ಸ್ಮೃತಿಯ ಆರ್‌ಎಕ್ಸ್ 6600 ಅಥವಾ ಆರ್‌ಟಿಎಕ್ಸ್ 4060 ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ನಷ್ಟ ಅಲ್ಪ.

ಇಂಟೆಲ್‌ನ ಆರ್ಕ್ ಬಿ580 ಕಾರ್ಡ್‌ನ 12 ಜಿಬಿ ಸ್ಮೃತಿ ಆಸೆ ಹುಟ್ಟಿಸುವುದು ನಿಜ. ಆದರೆ ಅದಕ್ಕೆ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಬೇಕು. 2017ರ ಮದರ್‌ಬೋರ್ಡ್‌ಗಳಿಗೆ ಇಂಟೆಲ್ ಅಧಿಕೃತವಾಗಿ ಇದನ್ನು ಒದಗಿಸಿಲ್ಲ. ಸಾಲದ್ದಕ್ಕೆ, ದುರ್ಬಲ ಸಂಸ್ಕಾರಕದ ಮೇಲೆ ಅದರ ಚಾಲಕ ತಂತ್ರಾಂಶ ಹೆಚ್ಚಿನ ಹೊರೆ ಹೇರುವುದು 2025ರ ಆರಂಭದ ಪರೀಕ್ಷೆಗಳಲ್ಲಿ ಕಂಡುಬಂತು.

ಇನ್ನು ವಿದ್ಯುತ್. ನಮ್ಮಲ್ಲಿ ಅತ್ಯಂತ ನಿರ್ಲಕ್ಷ್ಯಕ್ಕೆ ಒಳಗಾದ ಭಾಗ ಎಸ್‌ಎಂಪಿಎಸ್. ಕ್ಯಾಬಿನೆಟ್ ಜತೆ ಬಂದದ್ದನ್ನೇ ಎಷ್ಟೋ ಜನ ಹತ್ತು ವರ್ಷ ಬಳಸುತ್ತಾರೆ. ಸ್ಲಾಟ್ ಕೊಡುವುದು ಹೆಚ್ಚೆಂದರೆ 75 ವ್ಯಾಟ್. 4060ಕ್ಕೆ 115, 6600ಕ್ಕೆ 132 ವ್ಯಾಟ್ ಬೇಕು. ಉಳಿದದ್ದು ಎಸ್‌ಎಂಪಿಎಸ್‌ನಿಂದ ನೇರವಾಗಿ ಬರಬೇಕು. ಆ ವೈರ್ ಇಲ್ಲವೆಂದು ಅಗ್ಗದ ಅಡಾಪ್ಟರ್ ಸಿಕ್ಕಿಸುವುದು ಬೆಂಕಿಯೊಡನೆ ಸರಸ. ಎಸ್‌ಎಂಪಿಎಸ್ ಬದಲಿಸಲಾಗದ ಕಂಪನಿ ಗಣಕವಾದರೆ 70 ವ್ಯಾಟ್‌ನ, 6 ಜಿಬಿಯ ಆರ್‌ಟಿಎಕ್ಸ್ 3050 ಇದೆ. ವೇಗ ಕಡಿಮೆ, ನಿಶ್ಚಿಂತೆ ಹೆಚ್ಚು.

ಹಾಗಾದರೆ ಎಷ್ಟು ಖರ್ಚು ಮಾಡಬೇಕು? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಐ5-7400 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಆದ್ದರಿಂದ ಈ ಮದರ್‌ಬೋರ್ಡ್‌ಗೆ ಮಾತ್ರ ಹೊಂದುವ ಹಳೆಯ ಐ7 ಹುಡುಕಿ ಹಣ ಸುರಿಯುವುದು ಲಾಭದಾಯಕವಲ್ಲ. ಉತ್ತಮ ಎಸ್‌ಎಂಪಿಎಸ್ ಮತ್ತು ಕಾರ್ಡ್ ನಾಳೆ ಕೊಳ್ಳುವ ಹೊಸ ಗಣಕಕ್ಕೂ ಬರುತ್ತವೆ.

ಬೆಂಗಳೂರಿನ ಎಸ್.ಪಿ. ರಸ್ತೆಗಾಗಲಿ ನಿಮ್ಮೂರಿನ ಅಂಗಡಿಗಾಗಲಿ ಹೊರಡುವ ಮುನ್ನ ಕ್ಯಾಬಿನೆಟ್‌ನ ಒಳ ಉದ್ದವನ್ನು ಅಳೆದುಕೊಳ್ಳಿ. ಮಾನಿಟರ್‌ನಲ್ಲಿ ವಿಜಿಎ ಮಾತ್ರ ಇದ್ದರೆ ಪರಿವರ್ತಕವೂ ಬೇಕಾಗುತ್ತದೆ. ಬಳಸಿದ ಕಾರ್ಡ್ ಆದರೆ ಅರ್ಧ ಗಂಟೆಯಾದರೂ ಆಟ ಓಡಿಸಿ ತೋರಿಸುವಂತೆ ಕೇಳಿ. ಒಪ್ಪದ ಮಾರಾಟಗಾರನಿಂದ ಕೊಳ್ಳಬೇಡಿ.