ಹಳೆಯ ಅಗ್ಗಿಷ್ಟಿಕೆಗೆ ಯಾವ ಗತಿ?

ಹಿರಿಯರು ಬಿಟ್ಟುಹೋದ ಪದಾರ್ಥಗಳಲ್ಲಿ ಬೆಳ್ಳಿಬಂಗಾರಗಳ ವಿಚಾರವು ಬೇಗ ತೀರುವುದು. ಅವಕ್ಕೆ ತೂಕವುಂಟು, ಧಾರಣೆಯುಂಟು, ಪಾಲುಂಟು. ಕಷ್ಟವು ಒದಗುವುದು ಒರಳು, ಬೀಸುವ ಕಲ್ಲು, ಕಡೆಗೋಲು ಮೊದಲಾದ ವಸ್ತುಗಳಲ್ಲಿ. ಇವನ್ನು ಇಟ್ಟುಕೊಳ್ಳಲು ಸ್ಥಳವಿಲ್ಲ, ಎಸೆಯಲು ಮನಸ್ಸಿಲ್ಲ. ಅಂತಹ ಒಂದು ವಸ್ತುವಿನ ವಿಷಯವಾಗಿ ಜನ್ನಾಪುರದ ನಮ್ಮ ಮನೆಯಲ್ಲಿ ನಡೆದ ಚರ್ಚೆಯನ್ನು ವಾಚಕರ ಮುಂದಿಡುತ್ತೇನೆ. ಎಷ್ಟೋ ಮನೆಗಳ ಅಟ್ಟದ ಮೇಲೆ ಇದೇ ಪ್ರಶ್ನೆಯು ಧೂಳು ಹಿಡಿದು ಕುಳಿತಿರಬಹುದು.

ಆ ವಸ್ತುವು ಎರಕದ ಕಬ್ಬಿಣದ ಒಂದು ಅಗ್ಗಿಷ್ಟಿಕೆ. ದುಂಡನೆಯ ಒಡಲು, ಮೂರು ಕಾಲು, ಗಾಳಿ ಆಡಲು ಕೆಳಗೊಂದು ಬಾಯಿ, ಕೆಂಡ ನಿಲ್ಲುವುದಕ್ಕೆ ಒಳಗೊಂದು ತೂತಿನ ತಟ್ಟೆ, ಸುಡುವುದಕ್ಕೆ ಮೇಲೊಂದು ಸರಳುಗಳ ಜಾಲರಿ. ಸಂಸ್ಕೃತದಲ್ಲಿ ‘ಅಗ್ನಿಷ್ಠಿಕಾ’ ಎಂದರೆ ಬೆಂಕಿಯ ಪಾತ್ರೆ. ಆ ಶಬ್ದವೇ ನಮ್ಮ ಬಾಯಲ್ಲಿ ಸವೆದು ಅಗ್ಗಿಷ್ಟಿಕೆಯಾಗಿದೆ. ನಮ್ಮ ಅಜ್ಜನವರು ಕಾರ್ಖಾನೆಯ ಕೆಲಸಕ್ಕಾಗಿ ಭದ್ರಾವತಿಗೆ ಬಂದ ಕಾಲದಲ್ಲಿ ಇದನ್ನು ಕೊಂಡರಂತೆ. 1918ರಲ್ಲಿ ಸ್ಥಾಪನೆಗೊಂಡು 1923ರಲ್ಲಿ ಕಬ್ಬಿಣವನ್ನು ಕರಗಿಸತೊಡಗಿದ ಮೈಸೂರು ಕಬ್ಬಿಣದ ಕಾರ್ಖಾನೆಯು ಆಗ ಕಲ್ಲಿದ್ದಲಿನಿಂದಲ್ಲ, ಮಲೆನಾಡಿನ ಮರವನ್ನು ಸುಟ್ಟ ಇದ್ದಲಿನಿಂದ ನಡೆಯುತ್ತಿತ್ತು. ಹಿಂದೆ ಬೆಂಕಿಪುರವೆನಿಸಿದ್ದ ಊರಿಗೆ ಇದ್ದಲು ಹೊಸದಾಗಿರಲಿಲ್ಲ. ಮಳೆಗಾಲದ ಸಂಜೆ ಈ ಜಾಲರಿಯ ಮೇಲೆ ನಮ್ಮ ತಾಯಿಯವರು ಬದನೆಕಾಯಿಯನ್ನು ಸುಟ್ಟು ಗೊಜ್ಜು ಮಾಡುತ್ತಿದ್ದರು. ಹಲಸಿನ ಹಪ್ಪಳವನ್ನು ಸುಟ್ಟು ಎಣ್ಣೆ ಸವರಿ ಕೊಡುತ್ತಿದ್ದರು.

ಅವರ ವರ್ಷಾಬ್ದಿಕಕ್ಕೆ ನಾವು ಮೂವರು ಮಕ್ಕಳೂ ಸೇರಿದ್ದೆವು. ಊಟವಾದ ಮೇಲೆ ಅಟ್ಟದಿಂದ ಅಗ್ಗಿಷ್ಟಿಕೆ ಇಳಿಯಿತು. ಬೆಂಗಳೂರಿನಲ್ಲಿರುವ ತಮ್ಮನು, “ಅಣ್ಣಯ್ಯ, ಹಳೆಯ ಸಾಮಾನಿನ ಅಂಗಡಿಯವರು ಇಂತಹುದಕ್ಕೆ ಒಳ್ಳೆಯ ಬೆಲೆ ಕೊಡುತ್ತಾರೆ. ಇಲ್ಲಿದ್ದರೆ ತುಕ್ಕು ತಿಂದುಹೋಗುತ್ತದೆ. ಮಾರಿಬಿಡೋಣ” ಎಂದನು. ತೀರ್ಥಹಳ್ಳಿಯ ಕಡೆಗೆ ಕೊಟ್ಟಿರುವ ತಂಗಿಯು ಬಹಳ ಹೊತ್ತು ಸುಮ್ಮನಿದ್ದು, “ಅಣ್ಣಾ, ನನಗೆ ಆ ಮೇಲಿನ ಜಾಲರಿಯೊಂದನ್ನು ಕೊಟ್ಟರೆ ಸಾಕು” ಎಂದಳು. ನಾನಾದರೋ ಇದನ್ನು ದುರಸ್ತಿ ಮಾಡಿಸಿ, ಕಪ್ಪು ಬಣ್ಣ ಹೊಡೆಸಿ, ಜಗಲಿಯ ಮೇಲೆ ಬಂದವರಿಗೆ ಕಾಣುವಂತೆ ಇಡಬೇಕೆಂದಿದ್ದೆ. ಹೀಗೆ ಜೀರ್ಣೋದ್ಧಾರ, ವಿಕ್ರಯ, ಅಂಗವಿಭಾಗ ಎಂಬ ಮೂರು ಪಕ್ಷಗಳೂ ಒಂದೇ ಚಾಪೆಯ ಮೇಲೆ ಕುಳಿತವು.

ಈ ಪ್ರಶ್ನೆ ನಮ್ಮ ಊರಿಗೆ ಅಪರಿಚಿತವಾದುದಲ್ಲ. ಕಾರ್ಖಾನೆಯ ವಿಷಯದಲ್ಲಿಯೂ ಮಾರುವ ಪ್ರಯತ್ನ ನಡೆದು, ಮುಂದುವರಿಯದೆ, 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನವಾಗಿ, ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಕೆಲವು ಕೆಲಸಗಳು ಪುನಃ ಆರಂಭವಾದುದನ್ನು ನಾವು ಕಂಡಿದ್ದೇವೆ. ಆದಕಾರಣ ಕಬ್ಬಿಣವನ್ನು ತೂಕದ ಮೇಲೆ ಮಾತ್ರ ಅಳೆಯುವುದು ಇಲ್ಲಿಯವರಿಗೆ ಸುಲಭವಲ್ಲ.

ಆದರೂ ಅಭಿಮಾನದಿಂದಲೇ ತೀರ್ಮಾನಿಸಬಾರದೆಂದು ಮೊದಲು ಪರೀಕ್ಷೆಗೆ ತೊಡಗಿದೆವು. ಎರಕದ ಕಬ್ಬಿಣದಲ್ಲಿ ಇಂಗಾಲವು ನೂರಕ್ಕೆ ಮೂರು ನಾಲ್ಕು ಪಾಲಿನಷ್ಟಿರುವುದು. ಅದರಿಂದ ಅದು ಶಾಖವನ್ನು ಚೆನ್ನಾಗಿ ತಾಳುವುದಾದರೂ ಬಾಗುವುದನ್ನರಿಯದು. ಪೆಟ್ಟು ಬಿದ್ದರೆ, ಕಾದಿರುವಾಗ ತಣ್ಣೀರು ಸುರಿದರೆ, ಸೀಳುವುದು. ಪರೀಕ್ಷೆಯು ಮಡಕೆಯದರಂತೆಯೇ. ಸಣ್ಣ ಮರದ ಕೊಡತಿಯಿಂದ ತಟ್ಟಿದರೆ ಗಟ್ಟಿಯಾದ ಒಡಲು ಗಂಟೆಯಂತೆ ನುಡಿಯುವುದು. ಬಿರುಕಿದ್ದರೆ ಬೊದ್ದು ಸದ್ದು ಬರುವುದು. ಕತ್ತಲೆಯಲ್ಲಿ ಒಳಗೆ ದೀಪವಿಟ್ಟು ನೋಡಿದರೆ ಕಣ್ಣಿಗೆ ಬೀಳದ ಬಿರುಕೂ ಗೆರೆಯಾಗಿ ಬೆಳಗುವುದು. ನಮ್ಮದರ ಒಡಲು ನುಡಿಯಿತು. ಒಂದು ಕಾಲಿನ ಬುಡದಲ್ಲಿ ಬಿರುಕು; ಕೆಂಡದ ತಟ್ಟೆಯು ಉರಿದು ತೂತುಗಳು ಒಂದಾಗಿದ್ದವು. ಜಾಲರಿಗೆ ತುಕ್ಕಿನ ಹೊರತು ಬೇರೆ ದೋಷವಿರಲಿಲ್ಲ.

ಇಷ್ಟು ತಿಳಿದ ಮೇಲೆ ಲೆಕ್ಕವು ಸ್ಪಷ್ಟವಾಯಿತು. ಗುಜರಿಯವನಿಗೆ ಇದು ಹದಿನೆಂಟು ಕಿಲೋ ಕಬ್ಬಿಣ, ಅಷ್ಟೇ. ಹಳೆಯ ಸಾಮಾನನ್ನು ಕೊಳ್ಳುವವನಿಗೆ ಸರ್ವಾಂಗಗಳೂ ಇದ್ದರೆ ಮಾತ್ರ ಬೆಲೆ. ಜಾಲರಿಯನ್ನು ತೆಗೆದರೆ ಉಳಿದುದು ಮತ್ತೆ ಗುಜರಿಯವನ ಪಾಲು. ಕೆಂಡದ ತಟ್ಟೆಯಾದರೋ ಸವೆಯುವುದಕ್ಕಾಗಿಯೇ ಇರುವ ಭಾಗ. ಅದನ್ನು ಬದಲಾಯಿಸಿದರೆ ವಸ್ತುವಿನ ಹಳೆತನಕ್ಕೆ ಭಂಗವಿಲ್ಲ. ಒಡಲೇ ಒಡೆದಿದ್ದರೆ ಮಾತ್ರ ಅಂಗಗಳನ್ನು ಬಿಡಿಸಿ ಹಂಚುವುದು ನ್ಯಾಯ.

“ಹಾಗಾದರೆ ದುರಸ್ತಿ ಮಾಡಿಸುವುದೇ ಸರಿ” ಎಂದು ನಾನು ಹೇಳಿದೆ. ಆಗ ನಮ್ಮ ಮನೆಯವರು ಅಡುಗೆಮನೆಯ ಬಾಗಿಲಿನಿಂದಲೇ, “ದುರಸ್ತಿ ಮಾಡಿಸಿದ ಮೇಲೆ ಇದನ್ನು ಹಚ್ಚುವವರು ಯಾರು?” ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮಲ್ಲಿ ಗ್ಯಾಸಿನ ಒಲೆ. ತಮ್ಮನದು ಮೂರನೆಯ ಅಂತಸ್ತಿನ ಮನೆ. ಬಣ್ಣ ಬಳಿದು ಜಗಲಿಯಲ್ಲಿ ಕೂರಿಸಬೇಕೆಂದ ನನ್ನ ಪಿತೃಭಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರದರ್ಶನದ ಆಸೆಯೇ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಹಿತ್ತಲು, ಸೌದೆಕೊಟ್ಟಿಗೆ, ಹಲಸಿನ ಮರ ಇರುವುದು ತಂಗಿಯ ಮನೆಯಲ್ಲಿ. ಇಂದಿಗೂ ಹಪ್ಪಳವನ್ನು ಕೆಂಡದ ಮೇಲೆ ಸುಡುವವಳು ಅವಳೊಬ್ಬಳೇ. “ಹಾಗಿದ್ದರೆ ಜಾಲರಿಯನ್ನು ಮಾತ್ರ ಏಕೆ ಕೇಳಿದೆ?” ಎಂದೆ. ಅವಳು, “ಇಡಿಯದನ್ನು ಕೇಳಲು ಬಾಯಿ ಬರಲಿಲ್ಲ, ಅಣ್ಣಾ” ಎಂದಳು.

ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲೆಂದು 2005ರ ತಿದ್ದುಪಡಿಯ ಕಾನೂನು ಹೇಳಿಯಾಗಿದೆ. ಆದರೆ ತೌರುಮನೆಯಲ್ಲಿ ಇಡಿಯದನ್ನು ಕೇಳಲು ಇನ್ನೂ ಹಿಂಜರಿಯುವ ಮಗಳು, ಬೇಕಾದುದರ ಒಂದು ತುಂಡನ್ನು ಕೇಳಿ ಸುಮ್ಮನಾಗುವಳು. ಗಂಡುಮಕ್ಕಳಾದ ನಾವು ಆ ತುಂಡನ್ನು ಕೊಟ್ಟು, ಔದಾರ್ಯವೆಂದು ಬೀಗುವೆವು. ಅಂದು ತಮ್ಮನೇ ಮೊದಲು ಮಾತನಾಡಿದನು: “ದುರಸ್ತಿಯ ಖರ್ಚು ನಮ್ಮಿಬ್ಬರದು, ಅಗ್ಗಿಷ್ಟಿಕೆ ಅವಳದು.”

ಕೆಲಸವು ನಡೆದ ಕ್ರಮವನ್ನು ಉಪಯೋಗವಾಗಲೆಂದು ಬರೆಯುತ್ತೇನೆ. ತುಕ್ಕು ಹಿಡಿದ ತಿರುಪುಗಳಿಗೆ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟು, ಮರುದಿನ ಬಿಚ್ಚಿದೆವು. ತುಕ್ಕನ್ನು ತಂತಿಯ ಬ್ರಷ್ಷಿನಿಂದಲೂ ಹುಣಿಸೆಯ ನೀರಿನಿಂದಲೂ ಉಜ್ಜಿ, ತೊಳೆದೊಡನೆ ಸಣ್ಣ ಉರಿಯಲ್ಲಿ ಒಣಗಿಸಿದೆವು. ಹಳೆಯ ಬಣ್ಣವಿದ್ದರೆ ಒಣಗಿದ್ದಂತೆ ಉಜ್ಜಬಾರದು. ಅದರಲ್ಲಿ ಸೀಸವಿರುವ ಸಂಭವವುಂಟು. ಎರಕದ ಕಬ್ಬಿಣಕ್ಕೆ ಅವಸರದ ವೆಲ್ಡಿಂಗ್ ಆಗದು. ಮೆಲ್ಲಗೆ ಕಾಯಿಸಿ, ಬೆಸೆದು, ಬೂದಿಯಲ್ಲಿ ಹೂತು ಮೆಲ್ಲಗೆ ಆರಿಸಬೇಕು. ಕೆಲಸವನ್ನರಿತವರಿಂದ ಕಾಲಿಗೆ ಹಿತ್ತಾಳೆಯ ಬೆಸುಗೆ ಹಾಕಿಸಿದೆವು. ಕೆಂಡದ ತಟ್ಟೆಯನ್ನು ಹೊಸದಾಗಿ ಎರೆಯಿಸಿದೆವು. ಸತುವಿನ ಲೇಪವಿರುವ ತಗಡನ್ನು ಇಂತಹ ಕಡೆ ಬಳಸಬಾರದು, ಕಾದಾಗ ಅದರ ಹೊಗೆಯು ಆರೋಗ್ಯಕ್ಕೆ ಕೇಡು. ಕೊನೆಗೆ ಬಣ್ಣದ ಬದಲು ಅಗಸೆಯ ಎಣ್ಣೆಯನ್ನು ತೆಳ್ಳಗೆ ಸವರಿ, ಕಾಯಿಸಿ, ಪುನಃ ಸವರಿ ಕಾಯಿಸಿದೆವು. ಎಣ್ಣೆಯೇ ಗಟ್ಟಿಯಾಗಿ ಕಪ್ಪು ಹೊದಿಕೆಯಾಗುವುದು.

ಒಂದು ಎಚ್ಚರಿಕೆಯನ್ನು ಮರೆಯಬಾರದು. ಇದ್ದಲಿನ ಅಗ್ಗಿಷ್ಟಿಕೆಯನ್ನು ಚಳಿಗೆಂದು ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಟ್ಟುಕೊಂಡು ಎಂದಿಗೂ ಮಲಗಬಾರದು. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಅದು ನಿದ್ರೆಯಲ್ಲಿಯೇ ಪ್ರಾಣವನ್ನು ಒಯ್ಯುವುದು. ಇದರ ಸ್ಥಾನ ಹಿತ್ತಿಲು ಅಥವಾ ತೆರೆದ ಜಗಲಿ.

ಆದಕಾರಣ ಅಟ್ಟದಿಂದ ಹಳೆಯ ವಸ್ತುವೊಂದು ಇಳಿದಾಗ ಮೊದಲು ಅದನ್ನು ತಟ್ಟಿ ನೋಡಿರಿ. ಅನಂತರ ಅದನ್ನು ಬಳಸುವವರು ನಮ್ಮಲ್ಲಿ ಯಾರೆಂದು ಕೇಳಿರಿ. ಬಳಸುವವರಿದ್ದರೆ ಸರಿಪಡಿಸಿ ಅವರಿಗೆ ಒಪ್ಪಿಸಿರಿ. ಇಲ್ಲದಿದ್ದರೆ ಇಡಿಯಾಗಿ ಮಾರಿರಿ. ಕೊಂಡವನ ಮನೆಯಲ್ಲಾದರೂ ಅದು ಉರಿಯಲಿ. ಮತ್ತು ಮನೆಯ ಹೆಣ್ಣುಮಗಳು ಒಂದು ತುಂಡನ್ನು ಕೇಳಿದರೆ, ಅವಳ ಮನಸ್ಸಿನಲ್ಲಿರುವುದು ತುಂಡೋ ಇಡಿಯೋ ಎಂಬುದನ್ನು ಇನ್ನೊಮ್ಮೆ ಕೇಳಿರಿ.

ಮುಂಗಾರು ಹಿಡಿದ ಮೇಲೆ ತಂಗಿಯ ಮನೆಯಿಂದ ಹಪ್ಪಳದ ಡಬ್ಬಿಯೊಂದು ಬಂದಿತು. ಸುಟ್ಟ ಹಪ್ಪಳವು ದಾರಿಯಲ್ಲಿ ಮೆತ್ತಗಾಗಿತ್ತು. ಆದರೂ ನಾವಿಬ್ಬರೂ ಒಂದನ್ನೂ ಉಳಿಸಲಿಲ್ಲ.